ಕೋಡಂಗಿಯಿಂದ ಕಿರೀಟದವರೆಗೆ: ಗಡಿನಾಡಿನ ಮೇಳಗಳಲ್ಲಿ ಬಡ ಹುಡುಗರು ಬೆಳೆದ ದಾರಿ

ತೆಂಕುತಿಟ್ಟಿನ ಯಕ್ಷಗಾನ ಮೇಳಗಳು ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಕಲೆಯನ್ನು ಮಾತ್ರ ಉಳಿಸಲಿಲ್ಲ. ಓದು ಅರ್ಧಕ್ಕೆ ನಿಂತ, ಮನೆಯಲ್ಲಿ ಎರಡು ಹೊತ್ತಿನ ಗಂಜಿಗೂ ಕಷ್ಟವಿದ್ದ ಹುಡುಗರಿಗೆ ಅವು ಕಸುಬು ಕೊಟ್ಟವು, ಅವರಲ್ಲಿ ಕೆಲವರಿಗೆ ಇಡೀ ಕರಾವಳಿ ಗುರುತಿಸುವ ಹೆಸರನ್ನೂ ಕೊಟ್ಟವು. ಇದು ಆಕಸ್ಮಿಕವಾಗಿ ನಡೆದದ್ದಲ್ಲ. ಸಂಜೆ ಗೆಜ್ಜೆ ಕಟ್ಟಿದ ಕೋಡಂಗಿಯಿಂದ ಹಿಡಿದು ನಡುರಾತ್ರಿ ತೆರೆ ಸರಿಸಿ ಬರುವ ಕಿರೀಟ ವೇಷದವರೆಗೆ, ಮೇಳದ ಒಂದು ರಾತ್ರಿಯ ಕ್ರಮವೇ ಕಲಿಕೆಯ ಕ್ರಮವೂ ಆಗಿತ್ತು. ಆ ಕ್ರಮ ಹೇಗಿತ್ತು, ಅದರಿಂದ ತಾರೆಯರು ಹೇಗೆ ಹುಟ್ಟಿದರು, ಈಗ ಅದು ಎಲ್ಲಿಗೆ ಬಂದಿದೆ ಎಂಬುದು ಈ ನಾಡಿನ ಸಾಮಾಜಿಕ ಇತಿಹಾಸದ ಒಂದು ಮುಖ್ಯ ಭಾಗ.

ನಾಡು ಮತ್ತು ಮೇಳ

ಇಂತಹ ಹಳ್ಳಿಗಳಲ್ಲಿ ಒಂದಾದ ವರ್ಕಾಡಿ ಕಾಸರಗೋಡು ಜಿಲ್ಲೆಯ ಉತ್ತರದ ಅಂಚಿನಲ್ಲಿದೆ. ಮಂಜೇಶ್ವರದಿಂದ ಒಳಗೆ, ಗುಡ್ಡ, ಬಯಲು, ಅಡಿಕೆ ತೋಟಗಳ ನಡುವೆ ಹರಡಿರುವ ಈ ಊರಿನ ಆಚೆಗೆ ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆ ಶುರುವಾಗುತ್ತದೆ. 1956ರ ನವೆಂಬರ್ 1ರವರೆಗೆ ಈ ಗಡಿ ಇರಲಿಲ್ಲ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು, ಮಂಗಳೂರು ಅದರ ಪೇಟೆ. ರಾಜ್ಯ ಪುನರ್ವಿಂಗಡಣೆಯಾದ ಮೇಲೆ ಕಚೇರಿಗಳು ಬೇರೆಯಾದವು, ಶಾಲೆಗಳ ವ್ಯವಸ್ಥೆ ಬೇರೆಯಾಯಿತು. ಮೇಳಗಳ ತಿರುಗಾಟ ಮಾತ್ರ ಗಡಿಯನ್ನು ಲೆಕ್ಕಿಸಲಿಲ್ಲ. ಇವತ್ತು ಕರ್ನಾಟಕದ ಹಳ್ಳಿಯಲ್ಲಿ ಆಟ ಮುಗಿಸಿದ ಮೇಳ ನಾಳೆ ಕೇರಳದ ಹಳ್ಳಿಯಲ್ಲಿ ರಂಗಸ್ಥಳ ಕಟ್ಟುವುದು ಅಂದಿನಿಂದ ಇಂದಿನವರೆಗೂ ನಡೆದು ಬಂದಿದೆ.

ಈ ಸೀಮೆಯ ಮಾತೂ ಒಂದಲ್ಲ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲವೂ ಇಲ್ಲಿನ ಮನೆಮಾತುಗಳು. ಆದರೆ ಆಟದ ಭಾಷೆ ಬಹುಕಾಲ ಕನ್ನಡವಾಗಿತ್ತು. ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಆಡುವ ಹುಡುಗ ರಂಗಕ್ಕೆ ಬಂದರೆ ಗ್ರಂಥಸ್ಥ ಕನ್ನಡದಲ್ಲಿ ಅರ್ಥ ಹೇಳಬೇಕಿತ್ತು. ಈ ಭಾಷೆಯನ್ನು ಅವನು ಶಾಲೆಯಲ್ಲಿ ಕಲಿತದ್ದು ಕಡಿಮೆ. ಹಾಡುಗಾರರಾದ ಭಾಗವತರ ಪದಗಳನ್ನು ಕೇಳಿ, ಹಿರಿಯ ವೇಷಧಾರಿಗಳ ಮಾತನ್ನು ಕೇಳಿ ಕಲಿತದ್ದೇ ಹೆಚ್ಚು. ಗಡಿನಾಡಿನ ಕನ್ನಡವನ್ನು ಬೆಳೆಸಿದ ದೊಡ್ಡ ಪಾಠಶಾಲೆಗಳಲ್ಲಿ ಮೇಳವೂ ಒಂದು ಎಂಬ ಮಾತಿಗೆ ಇದೇ ಆಧಾರ.

ಪರಂಪರೆಯ ಬೇರು ಇಲ್ಲಿ ಆಳವಾಗಿದೆ. ತೆಂಕುತಿಟ್ಟಿನ ರಾಮಾಯಣ ಪ್ರಸಂಗಗಳ ಕರ್ತೃವೆಂದು ಹೆಸರಾದ ಪಾರ್ತಿಸುಬ್ಬ ಕುಂಬಳೆಯವನು. ಅವನ ಕಾಲ ಮತ್ತು ಕೃತಿಗಳ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟ ಇವರೆಲ್ಲ ಈ ವಿಷಯದಲ್ಲಿ ಬರೆದಿದ್ದಾರೆ. ವರ್ಕಾಡಿಗೆ ದೂರವಲ್ಲದ ಬಾಯಾರಿನ ಸಂಕಯ್ಯ ಭಾಗವತರು 1887ರಲ್ಲಿ ಪಂಚವಟಿಯ ಕಥೆಯನ್ನು ತುಳುವಿಗೆ ತಂದರು. ಅದು ತುಳುವಿನ ಮೊದಲ ಯಕ್ಷಗಾನ ಪ್ರಸಂಗವೆಂದು ಮನ್ನಣೆ ಪಡೆದಿದೆ. ಕೂಡ್ಲು, ಕುಂಬಳೆಯಂತಹ ಹೆಸರುಗಳ ಮೇಳಗಳು ಇದೇ ನೆಲದಲ್ಲಿ ತಿರುಗಾಟ ನಡೆಸಿದವು. ವರ್ಕಾಡಿಯ ನೆರೆಯ ಇರಾದ ಸೋಮನಾಥೇಶ್ವರನ ಹೆಸರಿನಲ್ಲಿ ಹೊರಟ ಮೇಳ ಕುಂಡಾವು ಮೇಳವೆಂದು ಪ್ರಸಿದ್ಧವಾಗಿತ್ತು.

ಹುಡುಗರು ಮೇಳಕ್ಕೆ ಸೇರಿದ ಕಾರಣಗಳು

ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಈ ಹಳ್ಳಿಗಳ ಬಹುಪಾಲು ಕುಟುಂಬಗಳು ಗೇಣಿ ಬೇಸಾಯ ಮಾಡುತ್ತಿದ್ದವು. ಮಳೆಗಾಲದ ಒಂದು ಬೆಳೆ, ತೋಟದ ಕೂಲಿ, ಬಿಟ್ಟರೆ ಬೇರೆ ಆದಾಯವಿರಲಿಲ್ಲ. ಪ್ರಾಥಮಿಕ ಶಾಲೆ ಮುಗಿದ ಮೇಲೆ ಮುಂದಿನ ತರಗತಿಗೆ ದೂರ ನಡೆಯಬೇಕು, ಪುಸ್ತಕಕ್ಕೆ ದುಡ್ಡು ಬೇಕು. ದೊಡ್ಡ ಸಂಸಾರದಲ್ಲಿ ಒಬ್ಬ ಹುಡುಗ ಮೇಳಕ್ಕೆ ಹೋದರೆ ಆರು ತಿಂಗಳ ಊಟ ಅಲ್ಲಿಯೇ ಆಗುತ್ತಿತ್ತು. ಜೊತೆಗೆ ಸಣ್ಣ ಸಂಬಳ. ಎಷ್ಟೋ ಮಕ್ಕಳು ಹತ್ತು–ಹದಿನಾಲ್ಕರ ವಯಸ್ಸಿನಲ್ಲೇ ಗೆಜ್ಜೆ ಕಟ್ಟಿದ್ದು ಹೀಗೆ.

ಹಸಿವೊಂದೇ ಕಾರಣವೆಂದರೆ ಅನ್ಯಾಯವಾದೀತು. ಊರಿನಲ್ಲಿ ಆಟವಿದ್ದ ದಿನ ಸಂಜೆ ಆಟದ ಸೂಚನೆಯಾಗಿ ಕೇಳಿ ಬಡಿದರೆ ಚೆಂಡೆಯ ಸದ್ದು ಗುಡ್ಡದಾಚೆಗೂ ಮುಟ್ಟುತ್ತಿತ್ತು. ಬೆಳಕಿಗೆ ಸೂಟೆ ಹಿಡಿದುಕೊಂಡು ಮನೆಮಂದಿಯೆಲ್ಲ ಗದ್ದೆಗೆ ಇಳಿಯುತ್ತಿದ್ದರು. ರಾತ್ರಿಯಿಡೀ ಕಂಡ ಅಭಿಮನ್ಯುವನ್ನು ಮರುದಿನ ದನ ಕಾಯುತ್ತ ಹುಡುಗರು ಕುಣಿದು ತೋರಿಸುತ್ತಿದ್ದರು. ಮನೆಗಳಲ್ಲಿ, ದೇವಸ್ಥಾನಗಳಲ್ಲಿ ತಾಳಮದ್ದಳೆ ಕೂಟಗಳು ನಡೆಯುತ್ತಿದ್ದವು. ವೇಷ, ಕುಣಿತ ಇಲ್ಲದೆ ಪದ ಮತ್ತು ಮಾತಿನಲ್ಲೇ ಕಥೆ ನಡೆಸುವ ಈ ಕೂಟಗಳಲ್ಲಿ ಸಣ್ಣ ಪಾತ್ರಗಳ ಅರ್ಥ ಹೇಳಿ ಪಳಗಿದವರು ಮುಂದೆ ಮೇಳದ ಕಲಾವಿದರಾದರು. ಆಸೆ ಮೊದಲೇ ಇತ್ತು. ಬಡತನ ಅದಕ್ಕೆ ದಾರಿ ತೋರಿಸಿತು.

ಜಾತಿಯ ದೃಷ್ಟಿಯಿಂದಲೂ ಮೇಳ ಗಮನಾರ್ಹ. ಹವ್ಯಕರು, ಶಿವಳ್ಳಿಯವರು, ಬಂಟರು, ಬಿಲ್ಲವರು, ನೇಕಾರರು, ಮಲಯಾಳ ಮನೆಮಾತಿನ ಹಲವು ಸಮುದಾಯದವರು ಒಂದೇ ಮೇಳದಲ್ಲಿ ದುಡಿದರು. ಹೊರಗಿನ ಕಟ್ಟುಪಾಡುಗಳು ಊಟದ ಪಂಕ್ತಿಯಲ್ಲಿ ಬಹುಕಾಲ ಉಳಿದಿದ್ದವು. ಆದರೆ ರಂಗಸ್ಥಳದಲ್ಲಿ ಯಾರು ಹೆಚ್ಚು ಎಂಬುದನ್ನು ನಿರ್ಧರಿಸುತ್ತಿದ್ದುದು ಕುಣಿತ, ಮಾತು ಮತ್ತು ಪ್ರೇಕ್ಷಕರ ಮೆಚ್ಚುಗೆ. ಚಂದ್ರಗಿರಿ ಅಂಬು ಅವರು ಬಣ್ಣದ ವೇಷದಲ್ಲಿ, ಪಡ್ರೆ ಚಂದು ಅವರು ನಾಟ್ಯದಲ್ಲಿ ಗುರುಸ್ಥಾನಕ್ಕೆ ಏರಿದ್ದು ಇದಕ್ಕೆ ಸಾಕ್ಷಿ.

ರಾತ್ರಿಯ ಕ್ರಮವೇ ಪಾಠದ ಕ್ರಮ

ಮೇಳದಲ್ಲಿ ಹೊಸಬನಿಗೆ ಪ್ರತ್ಯೇಕ ತರಗತಿ ಇರಲಿಲ್ಲ. ಆಟದ ರಾತ್ರಿಯೇ ತರಗತಿ. ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಗಣಪತಿ ಪೂಜೆ ಮುಗಿದ ಮೇಲೆ ಮೊದಲು ರಂಗಕ್ಕೆ ಬರುವುದು ಕೋಡಂಗಿ. ಸರಳವಾದ ಉಡುಗೆ, ಸರಳವಾದ ಕುಣಿತ. ಮೇಳಕ್ಕೆ ಅಂದೇ ಸೇರಿದ ಹುಡುಗ ಈ ವೇಷದಿಂದ ಆರಂಭಿಸುತ್ತಿದ್ದ. ಪ್ರೇಕ್ಷಕರು ಆಗಿನ್ನೂ ಬಂದು ಕೂರುತ್ತಿರುವ ಹೊತ್ತು, ತಪ್ಪಿದರೂ ಆಟಕ್ಕೆ ನಷ್ಟವಿಲ್ಲ. ತಾಳಕ್ಕೆ ಹೆಜ್ಜೆ ಕೂಡಿಸುವುದು, ಬೆಳಕಿನ ಮುಂದೆ ಅಂಜದೆ ನಿಲ್ಲುವುದು, ಚೆಂಡೆಯ ಪೆಟ್ಟನ್ನು ಮೈಯಲ್ಲಿ ತುಂಬಿಕೊಳ್ಳುವುದು, ಇಷ್ಟೇ ಅವನ ಮೊದಲ ಪಾಠ.

ಅದು ಕೈಗೂಡಿದರೆ ಮುಂದಿನ ತಿರುಗಾಟದಲ್ಲಿ ಬಾಲಗೋಪಾಲ ವೇಷ. ಬಲರಾಮ–ಕೃಷ್ಣರಾಗಿ ಇಬ್ಬರು ಹುಡುಗರು ಜೊತೆಯಾಗಿ ಕುಣಿಯಬೇಕು, ಒಬ್ಬನ ಹೆಜ್ಜೆ ಇನ್ನೊಬ್ಬನ ಹೆಜ್ಜೆಗೆ ಹೊಂದಬೇಕು. ಷಣ್ಮುಖ ಸುಬ್ರಾಯ, ಅರ್ಧನಾರೀಶ್ವರ, ಪೂರ್ವರಂಗದ ಸ್ತ್ರೀವೇಷ ಇವೆಲ್ಲ ಅದರ ನಂತರದ ಮೆಟ್ಟಿಲುಗಳು. ಒಂದೊಂದರಲ್ಲೂ ತಾಳ ಬೇರೆ, ಹೆಜ್ಜೆ ಬೇರೆ, ಭಾವ ಬೇರೆ. ಮಾತಿಲ್ಲದ ಈ ಭಾಗದಲ್ಲಿ ಹುಡುಗ ಕೆಲವು ವರ್ಷ ಕಳೆದರೆ ಅವನ ಕಾಲು ಹಾಡು–ವಾದ್ಯಗಳ ಹಿಮ್ಮೇಳಕ್ಕೆ ಒಗ್ಗಿರುತ್ತಿತ್ತು.

ಪ್ರಸಂಗ ಆರಂಭವಾದ ಮೇಲೆ ದೇವೇಂದ್ರನ ಬಲದವರು, ದೂತರು, ಸಖಿಯರು, ಋಷಿಕುಮಾರರು. ಇಲ್ಲಿ ಒಂದೆರಡು ಮಾತು ಆಡುವ ಅವಕಾಶ. ಆಮೇಲೆ ಪುಂಡುವೇಷ: ಅಭಿಮನ್ಯು, ಬಭ್ರುವಾಹನ, ಚಂಡ–ಮುಂಡರು. ಹಾರಿ ಸುತ್ತುವ ಧೀಂಗಿಣ ಹಾಕುವ ಕಸುವು, ವೇಗದ ಕುಣಿತ, ಏರುದನಿಯ ಮಾತು ಇದಕ್ಕೆ ಬೇಕು. ಮೈಕಟ್ಟು ಮತ್ತು ಕಂಠ ಬಲಿತ ಹಾಗೆ ಕೆಲವರು ಎದುರು ವೇಷ, ಪೀಠಿಕೆ ವೇಷಗಳ ಕಡೆಗೆ, ಕೆಲವರು ಬಣ್ಣದ ವೇಷದ ಕಡೆಗೆ, ನಗಿಸುವ ಗುಣವಿದ್ದವರು ಹಾಸ್ಯದ ಕಡೆಗೆ ಹೋಗುತ್ತಿದ್ದರು. ಮೃದುವಾದ ಮುಖ, ಇಂಪಾದ ದನಿ ಇದ್ದವರಿಗೆ ಸ್ತ್ರೀವೇಷ ದಕ್ಕುತ್ತಿತ್ತು. ಒಂದನೇ, ಎರಡನೇ ಎಂದು ಸ್ಥಾನಗಳ ಎಣಿಕೆ ಇತ್ತು. ಒಂದನೇ ಸ್ಥಾನದವರು ಮೇಳ ಬಿಟ್ಟಾಗ, ಕಾಯಿಲೆ ಬಿದ್ದಾಗ ಎರಡನೆಯವನಿಗೆ ಅವಕಾಶ ಒದಗುತ್ತಿತ್ತು. ಯಕ್ಷಗಾನದ ಎಷ್ಟೋ ದೊಡ್ಡ ಹೆಸರುಗಳು ಇಂತಹ ಒಂದು ರಾತ್ರಿಯಲ್ಲಿ ಬೆಳಕಿಗೆ ಬಂದವು.

ಚೌಕಿಯೂ ಇನ್ನೊಂದು ಪಾಠಶಾಲೆ. ಕಲಾವಿದರು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುವುದು ಇಲ್ಲಿನ ಪದ್ಧತಿ. ಅರದಾಳ, ಇಂಗಲೀಕ, ಸಫೇತ, ಮಸಿಗಳ ಹದ, ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿ ಚುಟ್ಟಿ ಇಡುವ ಕ್ರಮ, ಇವನ್ನೆಲ್ಲ ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯಬೇಕು. ಮಾತಿನ ಕಲಿಕೆಯೂ ಹೀಗೆಯೇ. ಯಕ್ಷಗಾನದಲ್ಲಿ ಪದ್ಯ ಮಾತ್ರ ಲಿಖಿತ. ಅದರ ಅರ್ಥವನ್ನು ವೇಷಧಾರಿ ರಂಗದ ಮೇಲೆ ತಾನೇ ಕಟ್ಟಿ ಹೇಳಬೇಕು. ಬಾಯಿಪಾಠ ಮಾಡಿ ಬಂದವನು ಎದುರಿನವನ ಪ್ರಶ್ನೆಗೆ ತಡವರಿಸುತ್ತಿದ್ದ. ತನ್ನ ವೇಷ ಮುಗಿಸಿ ಮಲಗದೆ, ಬೆಳಗಿನವರೆಗೆ ರಂಗದ ಬದಿಯಲ್ಲಿ ನಿಂತು ಕೇಳಿದ ಹುಡುಗ ಮಾತ್ರ ಮುಂದೆ ಮಾತುಗಾರನಾದ.

ಬಯಲಿನಿಂದ ಡೇರೆಗೆ

ಮೊದಲಿಗೆ ಆಟಗಳೆಲ್ಲ ಬಯಲಾಟಗಳು. ದೇವರ ಹೆಸರಿನ ಮೇಳ ಊರೂರಿಗೆ ಹೋಗಿ ಹರಕೆ ಹೊತ್ತ ಮನೆಯವರ, ಅಥವಾ ಊರ ಹತ್ತು ಸಮಸ್ತರ ಖರ್ಚಿನಲ್ಲಿ ಆಡುತ್ತಿತ್ತು. ನೋಡುವವರಿಗೆ ಖರ್ಚಿಲ್ಲ. ಎಣ್ಣೆಯ ದೀವಟಿಗೆ, ನಂತರ ಗ್ಯಾಸ್‌ಲೈಟು ಬೆಳಕು ಕೊಡುತ್ತಿದ್ದವು. ಮೇಳದ ಹೆಸರು ದೊಡ್ಡದು, ಕಲಾವಿದನ ಹೆಸರು ಅದರ ನೆರಳಿನಲ್ಲಿ.

ಇಪ್ಪತ್ತನೇ ಶತಮಾನದ ನಡುಭಾಗದ ಹೊತ್ತಿಗೆ ಡೇರೆ ಮೇಳಗಳು ಬಲಗೊಂಡವು. ಬಯಲಿನ ಸುತ್ತ ಡೇರೆ ಎಬ್ಬಿಸಿ, ಟಿಕೇಟು ಇಟ್ಟು, ನೆಲ, ಬೆಂಚು, ಕುರ್ಚಿ ಎಂದು ದರ ಬೇರೆ ಮಾಡಿ ಆಟ ಆಡಿಸುವ ಕ್ರಮ ಬಂತು. ಇರಾದ ಕಲ್ಲಾಡಿ ಕೊರಗ ಶೆಟ್ಟರು ಈ ಬಗೆಯ ಮೇಳ ನಡೆಸಿದವರಲ್ಲಿ ಪ್ರಮುಖರು. ಅವರ ಮುಂದಿನ ತಲೆಮಾರಿನ ಕಲ್ಲಾಡಿ ವಿಠಲ ಶೆಟ್ಟರು ಕರ್ನಾಟಕ ಮೇಳವನ್ನೂ ಕಟೀಲು ಮೇಳವನ್ನೂ ನಡೆಸಿದರು. ಕರ್ನಾಟಕ ಮೇಳ ತುಳು ಪ್ರಸಂಗಗಳಿಂದ ಅಪಾರ ಜನಪ್ರಿಯತೆ ಗಳಿಸಿತು. ಅಲ್ಲಿ ದಾಮೋದರ ಮಂಡೆಚ್ಚರ ಭಾಗವತಿಕೆ, ಬೋಳಾರ ನಾರಾಯಣ ಶೆಟ್ಟರ ವೇಷ, ಮಿಜಾರು ಅಣ್ಣಪ್ಪರ ಹಾಸ್ಯ ಮನೆಮಾತಾದವು. ಸುರತ್ಕಲ್ ಮೇಳ ಪುರಾಣ ಪ್ರಸಂಗಗಳ ಜೊತೆಗೆ ‘ಕಡುಗಲಿ ಕುಮಾರರಾಮ’, ‘ಪಾಪಣ್ಣ ವಿಜಯ’, ‘ನಾಟ್ಯರಾಣಿ ಶಾಂತಲಾ’ದಂತಹ ಹೊಸ ಕಥೆಗಳನ್ನು ರಂಗಕ್ಕೆ ತಂದಿತು.

ಟಿಕೇಟು ಬಂದ ಮೇಲೆ ಕಲಾವಿದನ ಸ್ಥಾನ ಬದಲಾಯಿತು. ಹರಕೆಯ ಆಟಕ್ಕೆ ಜನ ದೇವರಿಗಾಗಿ ಬರುತ್ತಾರೆ, ಡೇರೆಗೆ ಬರಬೇಕಾದರೆ ಇಂದು ಯಾರ ವೇಷವಿದೆ ಎಂದು ತಿಳಿಯಬೇಕು. ಮೈಕು ಕಟ್ಟಿದ ವಾಹನ ಹಗಲಿಡೀ ಊರು ಸುತ್ತಿ ಪ್ರಸಂಗದ ಹೆಸರಿನ ಜೊತೆಗೆ ಪಾತ್ರಧಾರಿಗಳ ಹೆಸರನ್ನೂ ಸಾರುತ್ತಿತ್ತು. ಕರಪತ್ರದಲ್ಲಿ ಯಾರ ಹೆಸರು ದಪ್ಪಕ್ಷರದಲ್ಲಿದೆ ಎಂಬುದು ಅವರ ಬೆಲೆಯನ್ನು ಹೇಳುತ್ತಿತ್ತು. ಹೆಸರಾದವರನ್ನು ತಮ್ಮ ಮೇಳಕ್ಕೆ ಕರೆತರಲು ಯಜಮಾನರು ತಿರುಗಾಟಕ್ಕೆ ಮೊದಲೇ ಮುಂಗಡ ಕೊಡುತ್ತಿದ್ದರು. ಕೋಡಂಗಿಯಾಗಿ ಬಂದ ಹುಡುಗನೊಬ್ಬ ಹದಿನೈದು–ಇಪ್ಪತ್ತು ವರ್ಷಗಳಲ್ಲಿ ಡೇರೆ ತುಂಬಿಸುವ ಶಕ್ತಿಯಾದದ್ದು ಈ ವ್ಯವಸ್ಥೆಯಿಂದ.

ಜೋಡಾಟಗಳು ಈ ತಾರಾಪಟ್ಟಕ್ಕೆ ಇನ್ನೊಂದು ಪರೀಕ್ಷೆ. ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಎರಡು ಮೇಳಗಳು ಒಂದೇ ಪ್ರಸಂಗವನ್ನು ಏಕಕಾಲಕ್ಕೆ ಆಡುತ್ತವೆ. ಇಲ್ಲಿ ಒಬ್ಬ ಅಭಿಮನ್ಯು, ಅಲ್ಲಿ ಒಬ್ಬ ಅಭಿಮನ್ಯು. ಜನ ಯಾವ ಕಡೆಗೆ ತಿರುಗುತ್ತಾರೋ ಆ ಕಡೆ ಗೆದ್ದಂತೆ. ಈ ಪೈಪೋಟಿಯಲ್ಲಿ ಕುಣಿತದ ಬೀಸು ಹೆಚ್ಚಿತು, ಮಾತು ಕೆಲವೊಮ್ಮೆ ಮರೆಗೆ ಸರಿಯಿತು. ಆದರೆ ಬಲವಾದ ಕಾಲು, ದಣಿಯದ ಕಂಠ ಇದ್ದ ಯುವಕ ಒಂದೇ ರಾತ್ರಿಯಲ್ಲಿ ಎರಡು ಜಿಲ್ಲೆಗಳಲ್ಲಿ ಹೆಸರಾಗುವ ಅವಕಾಶವೂ ಇಲ್ಲಿಯೇ ಇತ್ತು.

ಸ್ತ್ರೀವೇಷದ ಕಲಾವಿದರು

ಡೇರೆ ಮೇಳಗಳ ಕಾಲದಲ್ಲಿ ಅತಿ ಹೆಚ್ಚು ಜನಮನ್ನಣೆ ಪಡೆದವರಲ್ಲಿ ಸ್ತ್ರೀವೇಷಧಾರಿಗಳು ಸೇರುತ್ತಾರೆ. ಮೇಳದಲ್ಲಿ ಹೆಂಗಸರಿರಲಿಲ್ಲ. ಸೀತೆ, ದ್ರೌಪದಿ, ದಮಯಂತಿ, ಮೋಹಿನಿ, ಪ್ರಮೀಳೆ ಎಲ್ಲರೂ ಗಂಡಸರೇ. ಗರತಿಯ ಪಾತ್ರಕ್ಕೆ ಮಿತವಾದ ಕುಣಿತ, ತೂಕದ ಮಾತು. ಶೃಂಗಾರದ ಪಾತ್ರಕ್ಕೆ ಲಾಸ್ಯ. ಪ್ರಮೀಳೆಯಂತಹ ವೀರ ಸ್ತ್ರೀಗೆ ಪುಂಡುವೇಷದಷ್ಟೇ ಕಸುವು. ಒಬ್ಬನೇ ಕಲಾವಿದ ಮೂರನ್ನೂ ನಿಭಾಯಿಸಬೇಕಿತ್ತು.

ವರ್ಕಾಡಿಯ ನೆರೆಯ ಕೋಳ್ಯೂರಿನ ರಾಮಚಂದ್ರ ರಾಯರು ಈ ಸಾಲಿನಲ್ಲಿ ಎದ್ದು ಕಾಣುವ ಹೆಸರು. ಕಲಾವಿದನ ಹೆಸರಿಗೆ ಹಿಂದೆ ಊರಿನ ಹೆಸರು ಸೇರುವುದು ತೆಂಕುತಿಟ್ಟಿನ ವಾಡಿಕೆ. ಕೋಳ್ಯೂರು ಎಂಬ ಸಣ್ಣ ಊರು ಕರಾವಳಿಯುದ್ದಕ್ಕೂ ಪರಿಚಿತವಾದದ್ದು ಅವರ ವೇಷಗಳಿಂದ. ಪೌರಾಣಿಕ ಪ್ರಸಂಗಗಳ ಗರತಿಯರಿಗೆ ಅವರು ಕೊಟ್ಟ ಗಾಂಭೀರ್ಯವನ್ನು, ಪಾತ್ರದ ನೋವನ್ನು ಮಾತಿನಲ್ಲಿ ಹಿಡಿದಿಡುವ ಅವರ ಕ್ರಮವನ್ನು ಹಿರಿಯ ಪ್ರೇಕ್ಷಕರು ಇಂದಿಗೂ ನೆನೆಯುತ್ತಾರೆ. ಕಡಂದೇಲು ಪುರುಷೋತ್ತಮ ಭಟ್ಟ, ಕೊಕ್ಕಡ ಈಶ್ವರ ಭಟ್ಟ, ಕುಂಬಳೆ ಶ್ರೀಧರ ರಾವ್ ಇದೇ ಹಾದಿಯಲ್ಲಿ ತಮ್ಮದೇ ಛಾಪು ಮೂಡಿಸಿದವರು. ಪಾತಾಳ ವೆಂಕಟರಮಣ ಭಟ್ಟರು ಬೇಲೂರಿನ ಶಿಲಾಬಾಲಿಕೆಯರ ನಿಲುವು, ಒಡವೆಗಳನ್ನು ನೋಡಿ ಸ್ತ್ರೀವೇಷದ ಅಲಂಕಾರವನ್ನು ಪರಿಷ್ಕರಿಸಿದರು. ಅದರ ಪ್ರಭಾವ ತೆಂಕುತಿಟ್ಟಿನ ಉಡುಗೆಯಲ್ಲಿ ಉಳಿದಿದೆ.

ಈ ಕಲಾವಿದರ ಬಾಳಿನಲ್ಲಿ ಒಂದು ಕಷ್ಟದ ಘಟ್ಟ ಇರುತ್ತಿತ್ತು. ಹದಿನಾರು–ಹದಿನೇಳರಲ್ಲಿ ದನಿ ಒಡೆಯುತ್ತದೆ, ಮುಖದ ಮೃದುತ್ವ ಮಾಯವಾಗುತ್ತದೆ. ರೂಪವನ್ನೇ ನೆಚ್ಚಿದವರು ಅಲ್ಲಿಗೇ ನಿಂತರು. ಅಭಿನಯ ಮತ್ತು ಅರ್ಥಗಾರಿಕೆ ಕಲಿತವರು ಐವತ್ತರ ನಂತರವೂ ದಮಯಂತಿಯಾಗಿ ಜನರ ಕಣ್ಣಲ್ಲಿ ನೀರು ತರಿಸಿದರು.

ಪ್ಯಾರಿಸಿನ ಕ್ಯಾಬರೆಯಲ್ಲಿ ಇದೇ ಬಗೆಯ ಏಳಿಗೆ

ಟಿಕೇಟು ಮತ್ತು ಭಿತ್ತಿಪತ್ರ ಬಡಮಕ್ಕಳನ್ನು ತಾರೆಯರನ್ನಾಗಿ ಮಾಡಿದ ಕಥೆ ಬೇರೆ ನಾಡುಗಳಲ್ಲೂ ನಡೆದಿದೆ. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಪ್ಯಾರಿಸಿನದು. ರೊಡೊಲ್ಫ್ ಸಾಲಿ 1881ರಲ್ಲಿ ಮೊಂಮಾರ್ತ್ರ್ ಗುಡ್ಡದ ಬದಿಯಲ್ಲಿ ‘ಶಾ ನುವಾರ್’ ಎಂಬ ಕ್ಯಾಬರೆ ತೆರೆದ. 1889ರಲ್ಲಿ ಮುಲಾಂ ರೂಜ್ ಶುರುವಾಯಿತು. ಅಲ್ಲಿ ‘ಲಾ ಗುಲ್ಯೂ’ ಎಂದು ಹೆಸರಾದ ನರ್ತಕಿ ಲೂಯಿಸ್ ವೆಬರ್ ಬಟ್ಟೆ ಒಗೆಯುವವಳ ಮಗಳು. ಚಿತ್ರಕಾರ ತುಲೂಸ್ ಲೊಟ್ರೆಕ್ 1891ರಲ್ಲಿ ಬರೆದ ಭಿತ್ತಿಪತ್ರ ಅವಳನ್ನು ನಗರದ ಗೋಡೆಗೋಡೆಗೂ ಮುಟ್ಟಿಸಿತು. ಅಮೆರಿಕದ ಸೇಂಟ್ ಲೂಯಿಸ್ ನಗರದ ಬಡ ಕಪ್ಪು ಕುಟುಂಬದಲ್ಲಿ 1906ರಲ್ಲಿ ಹುಟ್ಟಿದ ಜೋಸೆಫಿನ್ ಬೇಕರ್ 1925ರಲ್ಲಿ ಪ್ಯಾರಿಸಿಗೆ ಬಂದು, ಮರುವರ್ಷವೇ ಫೋಲಿ ಬರ್ಜೇರ್ ರಂಗದ ಮುಖ್ಯ ಆಕರ್ಷಣೆಯಾದಳು. ಬೀದಿಯಲ್ಲಿ ಹಾಡುತ್ತಿದ್ದ ಎಡಿತ್ ಪಿಯಾಫ್‌ಳನ್ನು 1935ರಲ್ಲಿ ಲೂಯಿ ಲೆಪ್ಲೆ ತನ್ನ ಕ್ಯಾಬರೆಗೆ ಕರೆತಂದ.

ಹೋಲಿಕೆ ಇಲ್ಲಿಯವರೆಗೆ ಸರಿ, ಮುಂದೆ ದಾರಿ ಬೇರೆಯಾಗುತ್ತದೆ. ಪ್ಯಾರಿಸಿನಲ್ಲಿ ತಾರೆಯನ್ನು ಹುಡುಕಿ ತರುತ್ತಿದ್ದವನು ರಂಗದ ಮಾಲೀಕ. ಅವನ ಕಣ್ಣಿಗೆ ಬಿದ್ದರೆ ಒಂದೇ ವರ್ಷದಲ್ಲಿ ಏಳಿಗೆ, ಬೇಡವಾದರೆ ಅಷ್ಟೇ ಬೇಗ ಮರೆವು. ಲಾ ಗುಲ್ಯೂ 1895ರಲ್ಲಿ ಮುಲಾಂ ರೂಜ್ ಬಿಟ್ಟು, 1929ರಲ್ಲಿ ಕಡು ಬಡತನದಲ್ಲಿ ತೀರಿಕೊಂಡಳು. ಮೇಳದಲ್ಲಿ ಏಳಿಗೆ ನಿಧಾನ. ಕೋಡಂಗಿಯಿಂದ ಒಂದನೇ ವೇಷಕ್ಕೆ ಬರಲು ಹತ್ತಾರು ತಿರುಗಾಟ ಬೇಕು. ಹಾಗೆ ಮೇಲೆ ಬಂದವನು ವಯಸ್ಸಾದಾಗ ಬೇರೆ ವೇಷಕ್ಕೆ ಸರಿಯಬಹುದು, ಗುರುವಾಗಬಹುದು, ತಾಳಮದ್ದಳೆಯಲ್ಲಿ ಅರ್ಥ ಹೇಳಬಹುದು. ರೂಪ ಇಳಿದ ಮೇಲೂ ವಿದ್ಯೆಗೆ ಬೆಲೆ ಇರುವ ವ್ಯವಸ್ಥೆ ಇದು.

ಮೂರು ಬಾಳುಗಳು

ಈ ವ್ಯವಸ್ಥೆ ಹೇಗೆ ಕೆಲಸ ಮಾಡಿತು ಎಂಬುದನ್ನು ಕಾಸರಗೋಡಿನ ಮೂವರ ಬಾಳಿನಿಂದ ತಿಳಿಯಬಹುದು.

ಕುಂಬಳೆ ಸುಂದರ ರಾಯರು 1934ರಲ್ಲಿ ಕುಂಬಳೆಯ ನೇಕಾರ ಕುಟುಂಬದಲ್ಲಿ ಹುಟ್ಟಿದರು. ಮನೆಮಾತು ಮಲಯಾಳ. ಶಾಲೆಯ ಓದು ಹೆಚ್ಚು ಸಾಗಲಿಲ್ಲ. ಮೇಳಕ್ಕೆ ಸೇರಿ, ಹಿರಿಯರ ಮಾತು ಕೇಳಿ, ಪುರಾಣ–ಕಾವ್ಯಗಳನ್ನು ತಾವೇ ಓದಿಕೊಂಡು, ಪ್ರಾಸಬದ್ಧವೂ ಭಾವಪೂರ್ಣವೂ ಆದ ಕನ್ನಡ ಅರ್ಥಗಾರಿಕೆಯಿಂದ ಮೊದಲ ಸಾಲಿಗೆ ಬಂದರು. ಧರ್ಮಸ್ಥಳ ಮೇಳದಲ್ಲಿ ದೀರ್ಘಕಾಲ ದುಡಿದರು. 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ಕರ್ನಾಟಕ ವಿಧಾನಸಭೆಗೆ ಆಯ್ಕೆಯಾದರು. ಕರ್ನಾಟಕ ಯಕ್ಷಗಾನ ಬಯಲಾಟ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. 2022ರ ನವೆಂಬರಿನಲ್ಲಿ ತೀರಿಕೊಂಡಾಗ ಗಡಿಯ ಎರಡೂ ಕಡೆ ಅವರಿಗೆ ಶ್ರದ್ಧಾಂಜಲಿ ಸಂದಿತು. ಕನ್ನಡವನ್ನು ಮನೆಯಲ್ಲಿ ಕೇಳದೆ ಬೆಳೆದವರೊಬ್ಬರು ಕನ್ನ‌ಡದ ಶ್ರೇಷ್ಠ ಮಾತುಗಾರರಲ್ಲಿ ಒಬ್ಬರಾದರು. ಅದನ್ನು ಸಾಧ್ಯವಾಗಿಸಿದ್ದು ಮೇಳ.

ಬಲಿಪ ನಾರಾಯಣ ಭಾಗವತರು 1938ರಲ್ಲಿ ಪಡ್ರೆಯಲ್ಲಿ ಹುಟ್ಟಿದರು. ಅವರ ಅಜ್ಜನೂ ಅದೇ ಹೆಸರಿನ ಪ್ರಸಿದ್ಧ ಭಾಗವತರು. ಹದಿಹರೆಯದಲ್ಲೇ ಮೇಳ ಸೇರಿದ ಮೊಮ್ಮಗ, ಏರುಶ್ರುತಿಯ ದೊಡ್ಡ ಕಂಠದಿಂದ ಬಲಿಪ ಶೈಲಿಯನ್ನು ಮುಂದಿನ ತಲೆಮಾರಿಗೆ ದಾಟಿಸಿದರು. ಕಟೀಲು ಮೇಳದಲ್ಲಿ ದಶಕಗಳ ಕಾಲ ಪ್ರಧಾನ ಭಾಗವತರಾಗಿದ್ದರು. ಪದ್ಯ ಪುಸ್ತಕವಿಲ್ಲದೆ ಹತ್ತಾರು ಪ್ರಸಂಗಗಳನ್ನು ಹಾಡಬಲ್ಲವರಾಗಿದ್ದ ಅವರು, ಐದು ರಾತ್ರಿ ಆಡುವಂತೆ ದೇವಿ ಮಹಾತ್ಮೆಯ ಪ್ರಸಂಗವನ್ನು ರಚಿಸಿದರು. 2023ರ ಫೆಬ್ರುವರಿಯಲ್ಲಿ ತೀರಿಕೊಂಡರು. ಓದಿನ ಪದವಿ ಇಲ್ಲದಿದ್ದರೂ ಯಕ್ಷಗಾನ ಛಂದಸ್ಸು, ನಡೆಗಳ ವಿಷಯದಲ್ಲಿ ವಿದ್ವಾಂಸರು ಕೂಡ ಅವರ ಮಾತನ್ನು ಪ್ರಮಾಣವೆಂದು ತಿಳಿದರು.

ಲೀಲಾವತಿ ಬೈಪಾಡಿತ್ತಾಯರು ಕಾಸರಗೋಡು ಪರಿಸರದಲ್ಲಿ 1947ರಲ್ಲಿ ಹುಟ್ಟಿದರು. ಎಳವೆಯಲ್ಲಿ ಕರ್ನಾಟಕ ಸಂಗೀತ ಕಲಿತಿದ್ದರು. ಮದುವೆಯಾದ ಮೇಲೆ ಪತಿ, ಹಿಮ್ಮೇಳದ ಗುರು ಹರಿನಾರಾಯಣ ಬೈಪಾಡಿತ್ತಾಯರಿಂದ ಭಾಗವತಿಕೆ ಕಲಿತರು. ಗಂಡಸರದೇ ಆಗಿದ್ದ ತಿರುಗಾಟದ ಮೇಳದಲ್ಲಿ ಹೆಣ್ಣೊಬ್ಬಳು ಜಾಗಟೆ ಹಿಡಿದು ರಾತ್ರಿ ಹಾಡುವುದು ಅಂದಿನ ಸಮಾಜಕ್ಕೆ ಹೊಸದು. ಊರಿಂದೂರಿಗೆ ರಾತ್ರಿ ಪಯಣ, ಚೌಕಿಯಲ್ಲಿ ವಿಶ್ರಾಂತಿಯ ಸ್ಥಳದ ಕೊರತೆ, ಗಂಡುವೇಷಗಳ ಏರುಕುಣಿತಕ್ಕೆ ಹೊಂದುವ ಶ್ರುತಿ, ಈ ಎಲ್ಲ ತೊಡಕುಗಳನ್ನು ದಾಟಿ ಅವರು ವೃತ್ತಿಪರ ಮೇಳಗಳ ಮೊದಲ ಮಹಿಳಾ ಭಾಗವತರೆಂಬ ಸ್ಥಾನ ಪಡೆದರು. ಅನೇಕರಿಗೆ ಗುರುವಾದರು. 2023ರಲ್ಲಿ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಅವರಿಗೆ ಸಂದಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರು ತೆರೆದ ದಾರಿಯಲ್ಲಿ ಇಂದು ಹಲವು ಯುವತಿಯರು ಭಾಗವತಿಕೆ ಮಾಡುತ್ತಿದ್ದಾರೆ.

ಹೆಸರಿನ ಹಿಂದಿನ ದುಡಿಮೆ

ಮೇಳದ ವರ್ಷ ದೀಪಾವಳಿಯ ಆಸುಪಾಸಿನಲ್ಲಿ ಆರಂಭವಾಗಿ ಪತ್ತನಾಜೆಗೆ ಮುಗಿಯುತ್ತದೆ. ಪತ್ತನಾಜೆ ಎಂದರೆ ತುಳು ತಿಂಗಳು ಬೇಶದ ಹತ್ತನೆಯ ದಿನ, ಮೇ ಕೊನೆಯ ವಾರ. ಅಂದು ಗೆಜ್ಜೆ ಬಿಚ್ಚಿದರೆ ಮಳೆಗಾಲವಿಡೀ ಆಟವಿಲ್ಲ, ಸಂಬಳವಿಲ್ಲ. ನಿನ್ನೆಯವರೆಗೆ ದೇವೇಂದ್ರನಾಗಿದ್ದವರು ಮರುದಿನ ಗದ್ದೆಯಲ್ಲಿ ನೇಜಿ ನೆಡುತ್ತಿದ್ದರು. ಹೊಲಿಗೆ, ಅಂಗಡಿ, ಅಡುಗೆ ಕೆಲಸ ಹೀಗೆ ಸಿಕ್ಕಿದ್ದನ್ನು ಮಾಡುತ್ತಿದ್ದರು. ಹೆಸರಾದವರಿಗೆ ತಾಳಮದ್ದಳೆ ಕೂಟಗಳಿದ್ದವು. ಮುಂಬಯಿಯ ತುಳು–ಕನ್ನಡಿಗರು ಮಳೆಗಾಲದಲ್ಲಿ ಕರೆಸಿ ಆಟ ಆಡಿಸಿದ್ದು ಕಲಾವಿದರಿಗೆ ದೊಡ್ಡ ಆಸರೆಯಾಯಿತು. ಈಚಿನ ವರ್ಷಗಳಲ್ಲಿ ನಾಲ್ಕೈದು ಜನರ ಚಿಕ್ಕಮೇಳಗಳು ಮಳೆಗಾಲದ ಸಂಜೆ ಮನೆಮನೆಗೆ ಹೋಗಿ ಸಣ್ಣ ಭಾಗಗಳನ್ನು ಆಡಿ ಕಾಣಿಕೆ ಪಡೆಯುತ್ತವೆ.

ತಾರಾಪಟ್ಟದ ಬೆಲೆಯನ್ನು ದೇಹವೂ ತೆತ್ತಿತು. ರಾತ್ರಿ ನಿದ್ದೆಯಿಲ್ಲ, ಹಗಲು ಮುಂದಿನ ಊರಿಗೆ ನಡಿಗೆ ಅಥವಾ ಲಾರಿಯ ಪಯಣ. ಭಾರದ ಕಿರೀಟ, ಬಿಗಿದ ದಗಲೆ, ಗಟ್ಟಿನೆಲದಲ್ಲಿ ಮಂಡಿಯೂರಿ ಸುತ್ತುವ ಕುಣಿತ ಮೊಣಕಾಲನ್ನು ಸವೆಸಿತು. ಪಿಂಚಣಿಯಿಲ್ಲದ ಕಸುಬಾದ್ದರಿಂದ ವೃದ್ಧಾಪ್ಯದಲ್ಲಿ ಅನೇಕರು ಕಷ್ಟಪಟ್ಟರು. ಸರಕಾರದ ಮಾಸಾಶನ, ದೇವಸ್ಥಾನಗಳ ನೆರವು, ಅಭಿಮಾನಿಗಳ ನಿಧಿ ತಡವಾಗಿಯಾದರೂ ಬಂದವು. ಭಾಗವತ ಪಟ್ಲ ಸತೀಶ ಶೆಟ್ಟರು 2015ರಲ್ಲಿ ಸ್ಥಾಪಿಸಿದ ಯಕ್ಷಧ್ರುವ ಪಟ್ಲ ಫೌಂಡೇಶನ್ ಅಶಕ್ತ ಕಲಾವಿದರಿಗೆ ಚಿಕಿತ್ಸೆಯ ನೆರವು ನೀಡಿ, ಮನೆಗಳನ್ನು ಕಟ್ಟಿಸಿಕೊಟ್ಟಿದೆ. ಕಲಾವಿದರೇ ಕಲಾವಿದರಿಗಾಗಿ ಕಟ್ಟಿದ ಈ ವ್ಯವಸ್ಥೆ ಹಿಂದಿನ ತಲೆಮಾರಿಗೆ ಇರಲಿಲ್ಲ.

ಬದಲಾದ ಕಾಲ

ಸಿನಿಮಾ, ದೂರದರ್ಶನ ಹಳ್ಳಿಗಳನ್ನು ತಲುಪಿದಂತೆ ಡೇರೆ ಮೇಳಗಳ ಆದಾಯ ಕುಸಿಯಿತು. ಸುರತ್ಕಲ್, ಕರ್ನಾಟಕದಂತಹ ಹೆಸರಾಂತ ಮೇಳಗಳು ತಿರುಗಾಟ ನಿಲ್ಲಿಸಿದವು. ಹರಕೆ ಮೇಳಗಳು ಮಾತ್ರ ಬೆಳೆದವು. ಕಟೀಲಿನಲ್ಲಿ ಒಂದೇ ಕ್ಷೇತ್ರದ ಹೆಸರಿನಲ್ಲಿ ಹಲವು ಮೇಳಗಳು ಹೊರಡುತ್ತವೆ, ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಕಲಾವಿದರಿಗೆ ನಿಶ್ಚಿತ ಸಂಬಳ ದೊರೆಯಿತು, ಅವಕಾಶವೂ ಹೆಚ್ಚಿತು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಸ್ವತಃ ಭಾಗವತಿಕೆ ಮಾಡಿ, ಮೇಳಕ್ಕೆ ಆಶ್ರಯ ಕೊಟ್ಟು ಕಾಸರಗೋಡಿನ ಪರಂಪರೆಗೆ ಬಲ ತುಂಬಿದರು.

ಕಲಿಕೆಯ ಕ್ರಮ ಇನ್ನೂ ಹೆಚ್ಚು ಬದಲಾಯಿತು. 1970ರ ದಶಕದಲ್ಲಿ ಧರ್ಮಸ್ಥಳದಲ್ಲಿ ಯಕ್ಷಗಾನ ಕಲಿಕೆಗೆ ಕೇಂದ್ರ ಆರಂಭವಾಯಿತು. ಅಲ್ಲಿ ಮತ್ತು ಆಮೇಲೆ ಊರೂರಿನಲ್ಲಿ ಹುಟ್ಟಿದ ತರಗತಿಗಳಲ್ಲಿ ಹೆಜ್ಜೆ, ತಾಳ, ಮುಖವರ್ಣಿಕೆಗಳನ್ನು ಕ್ರಮವಾಗಿ ಹೇಳಿಕೊಡುತ್ತಾರೆ. ಮಕ್ಕಳು ಶಾಲೆ ಬಿಡಬೇಕಾಗಿಲ್ಲ, ಹುಡುಗಿಯರಿಗೂ ಸಮಾನ ಅವಕಾಶವಿದೆ. ಪದವಿ ಪಡೆದ ಯುವಕರು ಒಲವಿನಿಂದ ಮೇಳ ಸೇರುತ್ತಿದ್ದಾರೆ. ಹಸಿವು ತಳ್ಳಿದ್ದರಿಂದ ಗೆಜ್ಜೆ ಕಟ್ಟಿದ ಕಾಲ ಹಿಂದೆ ಸರಿದಿರುವುದು ಸಂತೋಷದ ಸಂಗತಿ.

ಆದರೆ ರಾತ್ರಿಯಿಡೀ ನಡೆಯುತ್ತಿದ್ದ ಆಟಗಳು ಈಗ ಹೆಚ್ಚು ಹೆಚ್ಚಾಗಿ ಕಾಲಮಿತಿಗೆ ಒಳಪಟ್ಟಿವೆ. ನಾಲ್ಕೈದು ಗಂಟೆಯಲ್ಲಿ ಕಥೆ ಮುಗಿಯಬೇಕಾದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಕೋಡಂಗಿ, ಬಾಲಗೋಪಾಲ, ಷಣ್ಮುಖ ಸುಬ್ರಾಯ ಮೊಟಕಾಗುತ್ತವೆ, ಕೆಲವೊಮ್ಮೆ ಬಿಟ್ಟೇ ಹೋಗುತ್ತವೆ. ಇವು ಕೇವಲ ಹಳೆಯ ಆಚರಣೆಗಳಾಗಿದ್ದರೆ ನಷ್ಟ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಅವು ಹೊಸಬನಿಗೆ ಪ್ರತಿ ರಾತ್ರಿ ಸಿಗುತ್ತಿದ್ದ ರಂಗ, ತಪ್ಪು ಮಾಡಿ ತಿದ್ದಿಕೊಳ್ಳುವ ಅವಕಾಶ. ತರಗತಿಯಲ್ಲಿ ಕಲಿತ ಹೆಜ್ಜೆ ನೇರವಾಗಿ ಪುಂಡುವೇಷಕ್ಕೆ ಬಂದು ನಿಂತರೆ ನಡುವಿನ ಪಕ್ವತೆ ತಪ್ಪುತ್ತದೆ ಎಂಬ ಹಿರಿಯ ಕಲಾವಿದರ ಆತಂಕಕ್ಕೆ ಕಾರಣ ಇದು. ಕಲಿಕಾ ಕೇಂದ್ರಗಳು ತಮ್ಮ ವಿದ್ಯಾರ್ಥಿಗಳಿಂದ ಪೂರ್ವರಂಗವನ್ನು ಸಂಪೂರ್ಣವಾಗಿ ಆಡಿಸುತ್ತಿರುವುದು, ಮಕ್ಕಳ ಮೇಳಗಳು ಅದನ್ನು ಉಳಿಸಿಕೊಂಡಿರುವುದು ಈ ಕೊರತೆಗೆ ಸಿಕ್ಕಿರುವ ಉತ್ತರ. ವರ್ಕಾಡಿಯಂತಹ ಗಡಿಹಳ್ಳಿಗಳ ಮಕ್ಕಳು ಇಂದು ಮೊದಲ ಹೆಜ್ಜೆ ಹಾಕುವುದು ಇಂತಹ ತರಗತಿಗಳಲ್ಲಿ. ಕೋಡಂಗಿಗೆ ಅಲ್ಲಿ ಜಾಗ ಇರುವವರೆಗೆ ಕಿರೀಟದವರೆಗಿನ ದಾರಿಯೂ ತೆರೆದಿರುತ್ತದೆ.